ಬಿಸಿಲೂರಿನಲ್ಲಿ ಆರೋಗ್ಯ: ಕಲಬುರಗಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಮಕ್ಕಳಿಗೆ ಖೋ ಖೋ, ಕಬಡ್ಡಿ ಕಲಿಸುವುದು ನನ್ನ ಕೆಲಸ. ಆದರೆ ಶಾಲೆಯ ಗೇಟಿನ ಹತ್ತಿರ, ನಮ್ಮ ಓಣಿಯಲ್ಲಿ, ಬೆಳಿಗ್ಗೆ ಅಪ್ಪನ ಕೆರೆಯ ದಂಡೆಯ ಮೇಲೆ ದೊಡ್ಡವರು ಕೇಳುವ ಪ್ರಶ್ನೆಗಳೇ ಜಾಸ್ತಿ. "ಟೀಚರ್, ರೊಟ್ಟಿ ಬಿಡ್ಲೇನ್ರಿ?" "ಟೀಚರ್, ಈ ಬಿಸಿಲಾಗ ಹೆಂಗ ನಡೀಬೇಕ್ರಿ?" ಒಬ್ಬೊಬ್ಬರಿಗೂ ನಿಂತು ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಗುಳಿಗೆ, ಇಂಜೆಕ್ಷನ್ ವಿಷಯ ಬಂದರೆ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆಯ ಮಾತು.

ಇಲ್ಲಿಯವರೆಗೆ ಏನೂ ಮಾಡಿಲ್ಲ. ಎಲ್ಲಿಂದ ಶುರು ಮಾಡಲಿ?

ಇವತ್ತು ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ನಡೆಯಿರಿ. ಅಷ್ಟೇ ಸಾಕು. ಬೂಟು ಬೇಡ, ಟ್ರ್ಯಾಕ್ ಪ್ಯಾಂಟ್ ಬೇಡ, ಗೆಳತಿ ಬರಲಿ ಅಂತ ಕಾಯುವುದೂ ಬೇಡ.

ಊಟದ ನಂತರವೇ ಯಾಕೆ ಅಂದರೆ, ಉಂಡಿದ್ದು ಸಕ್ಕರೆಯಾಗಿ ರಕ್ತಕ್ಕೆ ಸೇರುವ ಹೊತ್ತು ಅದು. ಆಗ ಕಾಲು ಆಡಿಸಿದರೆ ತೊಡೆ, ಮೀನಖಂಡದ ಸ್ನಾಯುಗಳು ಆ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಉಂಡ ಕೂಡಲೇ ಟಿವಿ ಮುಂದೆ ಕೂತರೆ ಆ ಕೆಲಸ ನಿಧಾನವಾಗುತ್ತದೆ.

ನಮ್ಮ ಓಣಿಯಲ್ಲಿ ಒಬ್ಬ ಕಾಕು ಇದ್ದಾರೆ, ಅರವತ್ತು ದಾಟಿದವರು. ಮನೆಯಲ್ಲಿ ಹಾಕುವ ಅದೇ ಚಪ್ಪಲಿಯಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿನಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ಬರುತ್ತಿದ್ದರು. ಮೊದಲ ವಾರ ಎರಡು ಸುತ್ತು. ನಡುವೆ ಒಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಎರಡು ತಿಂಗಳಾದ ಮೇಲೆ ಕಟ್ಟೆಯ ಮೇಲೆ ಕೂತ ಹೆಣ್ಣುಮಕ್ಕಳನ್ನೇ ಎಬ್ಬಿಸಿಕೊಂಡು ಹೋಗತೊಡಗಿದರು.

ಎರಡು ವಾರ ರಾತ್ರಿಯ ಹತ್ತು ನಿಮಿಷ ರೂಢಿಯಾದ ಮೇಲೆ ಬೆಳಿಗ್ಗೆ ಹತ್ತು ಸೇರಿಸಿ. ಆಮೇಲೆ ಇನ್ನೊಂದು ಹತ್ತು. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ಅಂದರೆ 150 ನಿಮಿಷ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ. ಒಂದೇ ಸಲ ಮಾಡಬೇಕು ಅಂತೇನಿಲ್ಲ, ಬಿಡಿಬಿಡಿಯಾಗಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ.

ಎಷ್ಟು ಜೋರಾಗಿ ನಡೆಯಬೇಕು?

ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ. ಆರಾಮಾಗಿ ಭಜನೆ ಪದ ಹಾಡುತ್ತಾ ಹೋಗುತ್ತಿದ್ದೀರಿ ಅಂದರೆ ಸ್ವಲ್ಪ ಜೋರು ಮಾಡಿ. ಎರಡು ಮಾತಿಗೇ ಉಸಿರು ಕಟ್ಟುತ್ತಿದೆ ಅಂದರೆ ನಿಧಾನ ಮಾಡಿ. ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ಕಣ್ಣಿಗೆ ಕತ್ತಲೆ ಬಂದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮನೆಗೆ ಬರಬೇಡಿ.

ಹತ್ತು ಸಾವಿರ ಹೆಜ್ಜೆ ಆಗಲೇಬೇಕಾ?

ಇಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದು ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ಆ ಸಂಖ್ಯೆ ಅಲ್ಲಿಂದ ನಮ್ಮ ಮೊಬೈಲಿಗೆ ಬಂದಿದೆ. ಈಗ ಎರಡು ಸಾವಿರ ನಡೆಯುವವರು ನಾಲ್ಕು ಸಾವಿರ ಮಾಡಿದರೂ ದೇಹಕ್ಕೆ ದೊಡ್ಡ ಲಾಭ. ಏಳು ಸಾವಿರದ ಹೊತ್ತಿಗೆ ಲಾಭದ ಬಹುಪಾಲು ಸಿಕ್ಕಿರುತ್ತದೆ. ಇನ್ನೂ ನಡೆಯಲು ಖುಷಿ ಇದ್ದರೆ ನಡೆಯಿರಿ.

ಏಪ್ರಿಲ್, ಮೇ ಬಂದರೆ 42 ಡಿಗ್ರಿ ದಾಟುತ್ತದೆ. ಆಗ ಎಲ್ಲಾ ನಿಲ್ಲಿಸಬೇಕಾ?

ನಿಲ್ಲಿಸುವುದು ಬೇಡ, ಹೊತ್ತು ಬದಲಿಸಿ. ನಮ್ಮ ಭಾಗದಲ್ಲಿ ಆ ಎರಡು ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಕಚೇರಿಯ ಗಡಿಯಾರ ಬದಲಾಗುವಾಗ ನಮ್ಮ ನಡಿಗೆಯ ಗಡಿಯಾರವೂ ಬದಲಾಗಬೇಕು, ಅಲ್ವಾ?

ನಾನು ಇದನ್ನು ಕಷ್ಟಪಟ್ಟೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಏಪ್ರಿಲ್‌ನಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ ಮೈದಾನದಲ್ಲಿ ಓಡಲು ಹೋದೆ. ಹೊಟ್ಟೆಯಲ್ಲಿ ಒಂದು ಕಪ್ ಚಹಾ ಬಿಟ್ಟರೆ ಏನೂ ಇರಲಿಲ್ಲ. ನಾಲ್ಕನೇ ಸುತ್ತಿಗೆ ಬೆವರು ನಿಂತಿತು. ಅದು ಒಳ್ಳೆಯದು ಅಂದುಕೊಂಡೆ. ಮೈ ಮೇಲೆ ಮುಳ್ಳು ಎದ್ದಂತಾಯಿತು, ಮೈದಾನದ ಸುಣ್ಣದ ಗೆರೆ ಎರಡೆರಡಾಗಿ ಕಾಣತೊಡಗಿತು. ಬೇವಿನ ಗಿಡದ ಕೆಳಗೆ ಬಂದು ಬಿದ್ದೆ. ಶಾಲೆಯ ಆಯಾ ಕೊಡದಲ್ಲಿದ್ದ ನೀರನ್ನು ತಲೆ, ಕುತ್ತಿಗೆ, ಕಂಕುಳಿಗೆ ಸುರಿದು ಸೆರಗಿನಿಂದ ಗಾಳಿ ಹಾಕಿದಳು. ಆಕೆ ಮಾಡಿದ್ದು ಸರಿಯಾದ ಚಿಕಿತ್ಸೆ ಅಂತ ಆಮೇಲೆ ಗೊತ್ತಾಯಿತು.

ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೆ ಹೊರಟು ಏಳರ ಒಳಗೆ ಮನೆ ಸೇರಿ. ಆಗದಿದ್ದರೆ ರಾತ್ರಿ ಎಂಟರ ಮೇಲೆ ನಡೆಯಿರಿ. ಸಂಜೆ ಐದೂವರೆಗೆ ಬಿಸಿಲು ಇಳಿದಂತೆ ಕಂಡರೂ ಡಾಂಬರು ಮತ್ತು ಶಹಾಬಾದಿ ಪರಸಿ ಇನ್ನೂ ಕಾವು ಉಗುಳುತ್ತಿರುತ್ತವೆ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಅದಕ್ಕೇ ಮಾರ್ಚ್ ಕೊನೆಯಲ್ಲಿ ನಡಿಗೆಯನ್ನು ಸ್ವಲ್ಪ ಕಡಿಮೆ ಮಾಡಿ, ನಿಧಾನಕ್ಕೆ ಹೆಚ್ಚಿಸಿ. ಬೆಂಗಳೂರಿನಿಂದ ರಜೆಗೆ ಬರುವ ಮಕ್ಕಳು ಮೊದಲ ದಿನವೇ ಕೋಟೆ ಸುತ್ತ ಓಡಲು ಹೋಗುತ್ತಾರೆ. ಅವರಿಗೆ ದಯವಿಟ್ಟು ಹೇಳಿ.

ಬಾಯಾರುವವರೆಗೆ ಕಾಯದೆ ನೀರು ಕುಡಿಯಿರಿ. ಎಷ್ಟು ಅಂತ ಕೇಳಿದರೆ ಒಂದೇ ಲೆಕ್ಕ ಎಲ್ಲರಿಗೂ ಆಗುವುದಿಲ್ಲ. ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ. ಉಪ್ಪು, ಜೀರಿಗೆ ಹಾಕಿದ ತೆಳು ಮಜ್ಜಿಗೆ ನಮ್ಮ ಊರಿಗೆ ಹೇಳಿ ಮಾಡಿಸಿದ ಪಾನೀಯ. ವಾಂತಿ, ಭೇದಿ ಆಗಿದ್ದರೆ ಓಆರ್‌ಎಸ್ ಪುಡಿ ತನ್ನಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಚಮಚ ಗುಡ್ಡೆ ಆಗದೆ ಮಟ್ಟಸ ಇರಲಿ. ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ಯಾರಾದರೂ ಬಿಸಿಲಿಗೆ ಬಿದ್ದು, ಮೈ ಕೆಂಡದಂತಾಗಿ, ಏನೇನೋ ಮಾತಾಡತೊಡಗಿದರೆ ಅದು ಶಾಖಾಘಾತ. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. 108ಕ್ಕೆ ಫೋನ್ ಮಾಡಿ, ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ನೀರು ಸುರಿದು ಗಾಳಿ ಹಾಕುತ್ತಲೇ ಇರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಜೋಳದ ರೊಟ್ಟಿ ಬಿಟ್ಟರೆ ತೂಕ ಇಳಿಯುತ್ತಾ?

ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರೊಟ್ಟಿ ಬಿಟ್ಟು ಬೆಳಿಗ್ಗೆ ಓಟ್ಸ್ ಡಬ್ಬಿ, ರಾತ್ರಿ ಮೈದಾ ಬ್ರೆಡ್ ತಿನ್ನುವವರನ್ನು ನೋಡಿದ್ದೇನೆ. ರೊಟ್ಟಿಯ ಮೇಲೆ ಸಿಟ್ಟು ಬೇಡ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಸುಮಾರು 10 ಗ್ರಾಂ ನಾರು ಇದೆ. ನಾರು ಇರುವುದರಿಂದ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ಆ ಸಾಲಿನಲ್ಲಿ ಜೋಳವೂ ಇತ್ತು. ನಮ್ಮ ಅಜ್ಜಿಯರು ವರ್ಷ ನೋಡದೆ ಬಡಿಯುತ್ತಾ ಬಂದಿದ್ದಾರೆ.

ಆದರೆ ಎಷ್ಟು ತಿನ್ನುತ್ತೇವೆ ಅನ್ನುವುದನ್ನು ನೋಡಲೇಬೇಕು. ಒಂದು ದಿನ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟು ಅವ್ವ ನಾದಿಟ್ಟ ಹಿಟ್ಟಿನ ಲೆಕ್ಕ ಹಾಕಿದೆ. ನಮ್ಮ ಮನೆಯ ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಒಣ ಹಿಟ್ಟು ಹೋಗುತ್ತದೆ. ಅಂದರೆ ಸುಮಾರು 200 ಕ್ಯಾಲೊರಿ. ಮುತ್ಯಾ ಹೊಲದಲ್ಲಿ ದಿನವಿಡೀ ದುಡಿದು ನಾಲ್ಕು ರೊಟ್ಟಿ ಉಂಡರೆ ಅದು ಕರಗುತ್ತಿತ್ತು. ಅವರ ಮೊಮ್ಮಗ ಅಂಗಡಿಯ ಗಲ್ಲೆಯ ಮೇಲೆ ಕೂತು ಅದೇ ನಾಲ್ಕು ಉಂಡು, ಮೇಲೆ ಒಂದು ತಾಟು ಅನ್ನ ತೆಗೆದುಕೊಂಡರೆ ಕರಗುವುದಿಲ್ಲ. ನಾನು ಹೇಳುವುದು ಇಷ್ಟೇ: ರೊಟ್ಟಿ ಇರುವ ಹೊತ್ತಿಗೆ ಅನ್ನ ಬಿಡಿ, ಅಥವಾ ಎರಡು ತುತ್ತಿಗೆ ಇಳಿಸಿ. ಮೊದಲು ಹಸಿ ಸೌತೆಕಾಯಿ, ಮೂಲಂಗಿ, ಮೆಂತ್ಯ ಸೊಪ್ಪು, ಹಸಿ ಉಳ್ಳಾಗಡ್ಡಿ ತಿನ್ನಿ. ಅದು ನಮ್ಮ ತಾಟಿನ ಬದಿಗೆ ಮೊದಲಿನಿಂದಲೂ ಇದ್ದದ್ದೇ.

ಜೋಳದ ಜೊತೆ ಬೇಳೆ ಇರಲಿ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ತೊಗರಿಯಲ್ಲಿ ಅದು ಧಾರಾಳ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಅಂಥ ಬೇಳೆ ಬೆಳೆಯುವ ಊರಿನಲ್ಲಿ ಸಾರು ಮಾತ್ರ ತೆಳ್ಳಗೆ, ನೀರು ನೀರು! ಬೇಳೆ ಗಟ್ಟಿ ಇರಲಿ. ವಾರಕ್ಕೆ ಮೂರು ಸಲವಾದರೂ ಕಾಳಿನ ಪಲ್ಯ ಇರಲಿ.

ಶುಗರ್ ಇದ್ದವರಿಗೆ ಒಂದು ಮಾತು. ಜೋಳದ ರೊಟ್ಟಿಯಲ್ಲೂ ಪಿಷ್ಟ ಇದೆ. "ಜೋಳ ಎಷ್ಟ್ ತಿಂದ್ರೂ ನಡೀತದ" ಅನ್ನುವುದು ತಪ್ಪು. ಊಟವಾಗಿ ಎರಡು ಗಂಟೆ ಆದ ಮೇಲೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಮೈಗೆ ಎಷ್ಟು ರೊಟ್ಟಿ ಸರಿ ಅಂತ ಅದೇ ಹೇಳುತ್ತದೆ.

ಎಣ್ಣೆ ಎಷ್ಟಿರಬೇಕು? ಎಣ್ಣೆಗಾಯಿ, ಮಿರ್ಚಿ ಭಜಿ ಪೂರ್ತಿ ಬಿಡಬೇಕಾ?

ಅಡುಗೆ ಎಣ್ಣೆ ಒಬ್ಬರಿಗೆ ದಿನಕ್ಕೆ 20ರಿಂದ 30 ಗ್ರಾಂ ಸಾಕು. ಇದನ್ನು ದಿನಾ ಅಳೆಯುವುದು ಆಗದ ಮಾತು. ತಿಂಗಳ ಲೆಕ್ಕ ಹಿಡಿಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರು ಲೀಟರ್. ಕಿರಾಣಿ ಚೀಟಿ ತೆಗೆದು ನೋಡಿ. ಐದು, ಆರು ಲೀಟರ್ ಬರುತ್ತಿದ್ದರೆ ಒಂದೊಂದು ತಿಂಗಳಿಗೆ ಅರ್ಧ ಲೀಟರ್ ಕಡಿಮೆ ತನ್ನಿ. ಮನೆಯಲ್ಲಿ ಕಡಿಮೆ ಇದ್ದರೆ ಕೈ ತಾನೇ ಹಿಡಿತಕ್ಕೆ ಬರುತ್ತದೆ.

ಎಣ್ಣೆಗಾಯಿ ಬಿಡಿ ಅಂತ ನಾನು ಹೇಳಲಾರೆ. ಬದನೆಕಾಯಿಗೆ ಶೇಂಗಾ, ಎಳ್ಳಿನ ಪುಡಿ ತುಂಬುವಾಗ ಅದರಲ್ಲೇ ಎಣ್ಣೆ ಇರುತ್ತದೆ. ಒಗ್ಗರಣೆಗೆ ಎರಡು ಚಮಚ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದರೆ ರುಚಿ ಕಡಿಮೆ ಆಗುವುದಿಲ್ಲ. ಮೇಲೆ ಬೆರಳುದ್ದ ಎಣ್ಣೆ ತೇಲಬೇಕಾಗಿಲ್ಲ. ಮಿರ್ಚಿ ಭಜಿ ವಾರಕ್ಕೊಮ್ಮೆ, ಕರಿದ ತಕ್ಷಣ, ಎರಡು. ಸುಸ್ಲಾದ ಜೊತೆ ಅದು ರೂಢಿಯಾಗಿಬಿಟ್ಟಿದೆ ನಿಜ. ಭಜಿ ಬದಲು ಸುಸ್ಲಾಕ್ಕೆ ಪುಠಾಣಿ ಪುಡಿ, ಒಂದು ಮುಷ್ಟಿ ಶೇಂಗಾ ಜಾಸ್ತಿ ಹಾಕಿ ನೋಡಿ. ಕರಿದು ಕಪ್ಪಾದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಉಪ್ಪು?

ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿ ಖಾರಾ ಎಲ್ಲಾ ಸೇರಿ. ನಾಲ್ಕು ಜನರ ಮನೆಗೆ ಒಂದು ಕಿಲೋ ಪಾಕೀಟು ತಿಂಗಳು ದಾಟಿ ಬರಬೇಕು. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಹತ್ತಿರ ಇಟ್ಟುಕೊಳ್ಳಬೇಡಿ.

ಚಹಾ ಬಿಡಲು ಆಗುವುದಿಲ್ಲ. ಏನು ಮಾಡಲಿ?

ಚಹಾ ಬಿಡಬೇಡಿ, ಸಕ್ಕರೆ ಇಳಿಸಿ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 10 ಗ್ರಾಂ. ದಿನಕ್ಕೆ ಐದು ಕಪ್ ಆದರೆ 50 ಗ್ರಾಂ ಆಯಿತು. ಬೇರೆ ಸಿಹಿ ಮುಟ್ಟದೆಯೇ ದಿನದ ಮಿತಿ ಅಲ್ಲಿಗೇ ಮುಗಿಯಿತು. 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ, ಹೋದ ಮನೆಯಲ್ಲಿ ಕುಡಿಯದೆ ಬರುವುದೂ ಇಲ್ಲ. "ಅರ್ಧಾ ಕಪ್ ಕೊಡ್ರಿ ಅಕ್ಕ" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಹತ್ತು ವರ್ಷದಿಂದ ಕೇಳುತ್ತಿದ್ದೇನೆ.

ಊಟದ ಜೊತೆ, ಊಟ ಮುಗಿದ ಕೂಡಲೇ ಮಾತ್ರ ಬೇಡ. ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ರಕ್ತ ಕಡಿಮೆ ಅಂದಿದ್ದಾರೆ. ಸುಸ್ತಾಗುವಾಗ ವ್ಯಾಯಾಮ ಮಾಡಬಹುದಾ?

ಮೊದಲು ರಕ್ತ ಸರಿ ಮಾಡಿಕೊಳ್ಳಿ. ಹೆಂಗಸರಿಗೆ ಹಿಮೋಗ್ಲೋಬಿನ್ 12, ಗಂಡಸರಿಗೆ 13, ಬಸುರಿಯರಿಗೆ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ನನ್ನ ಶಾಲೆಯ ಹುಡುಗಿಯರು ಖೋ ಖೋದಲ್ಲಿ ಎರಡು ನಿಮಿಷಕ್ಕೇ ಕೂತುಬಿಟ್ಟಾಗ ನಾನು ಬೈಯುವುದಿಲ್ಲ. ಕೆಳಗಿನ ರೆಪ್ಪೆ ಎಳೆದು ಬಿಳುಪು ನೋಡುತ್ತೇನೆ, ಪರೀಕ್ಷೆಗೆ ಕಳಿಸುತ್ತೇನೆ. ಕಬ್ಬಿಣದ ಗುಳಿಗೆಯನ್ನು ಲಿಂಬು ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಿ ಬಿಡಬೇಡಿ, ಅದು ಸಹಜ. ಪಲ್ಯ, ಕಾಳಿನ ಮೇಲೆ ಲಿಂಬೆ ಹಿಂಡುವ ರೂಢಿ ಮಾಡಿಕೊಳ್ಳಿ.

ಮನೆ ಬಿಟ್ಟು ಹೋಗಲು ಆಗದ ಹೆಣ್ಣುಮಕ್ಕಳು ಏನು ಮಾಡಬೇಕು?

ಇದು ನನಗೆ ಬಹಳ ಹತ್ತಿರದ ಪ್ರಶ್ನೆ. ಬೆಳಿಗ್ಗೆ ನೀರು ಬರುವ ಹೊತ್ತಿಗೇ ನಡಿಗೆಯ ಹೊತ್ತೂ ಬರುತ್ತದೆ. ಡಬ್ಬಿ ಕಟ್ಟಬೇಕು, ಅತ್ತೆಗೆ ಗುಳಿಗೆ ಕೊಡಬೇಕು. "ಮನೀ ಕೆಲಸ ಮಾಡ್ತೀಯಲ್ಲ, ಅದ ವ್ಯಾಯಾಮ" ಅಂತ ಮನೆಯವರು ಅಂದುಬಿಡುತ್ತಾರೆ. ಮನೆಕೆಲಸದಲ್ಲಿ ಶ್ರಮ ಇದೆ, ನಾನು ಇಲ್ಲ ಅನ್ನುವುದಿಲ್ಲ. ಇಪ್ಪತ್ತು ರೊಟ್ಟಿ ಬಡಿದವಳ ಹೆಗಲು ಏನಾಗಿರುತ್ತದೆ ಅಂತ ನನಗೆ ಗೊತ್ತು. ಆದರೆ ದಿನಾ ಅದೇ ಸ್ನಾಯು, ಅದೇ ಬಾಗುವಿಕೆ. ತೊಡೆ, ಬೆನ್ನು, ಹೊಟ್ಟೆಗೆ ಬಲ ಬರುವುದಿಲ್ಲ, ಉಸಿರೂ ಏರುವುದಿಲ್ಲ. ನಲವತ್ತು ದಾಟಿದ ಮೇಲೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಎಲುಬು ಬೇಗ ಸವೆಯುತ್ತವೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಬೇಕು.

ಹಿತ್ತಲು, ಅಡುಗೆಮನೆ, ಮಾಳಿಗೆ ಸಾಕು. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಡಿ. ಕೈ ಎದೆಗೆ ಕಟ್ಟಿ, ಎದ್ದು ಕೂಡಿ. ಕೂಡುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತಾ ಕೂಡಿ. ಹತ್ತು ಸಲ. ಒಲೆಯ ಮೇಲೆ ಬೇಳೆ ಕುದಿಯುವಾಗ ಕಟ್ಟೆಗೆ ಎರಡೂ ಅಂಗೈ ಊರಿ, ಎರಡು ಹೆಜ್ಜೆ ಹಿಂದೆ ಸರಿದು, ಎದೆಯನ್ನು ಕಟ್ಟೆಯ ಕಡೆ ತಂದು ಮತ್ತೆ ತಳ್ಳಿ. ಇದು ದಂಡ ಹೊಡೆಯುವುದರ ಹಗುರ ರೂಪ. ಉರಿಯಿಂದ ದೂರದ ಕಡೆ ನಿಲ್ಲಿ, ಸೆರಗು ಸಿಕ್ಕಿಸಿಕೊಳ್ಳಿ. ಹಿಮ್ಮಡಿ ಎತ್ತಿ ಇಳಿಸುವುದನ್ನು ಪಾತ್ರೆ ತೊಳೆಯುವಾಗಲೂ ಮಾಡಬಹುದು. ಎರಡು ಲೀಟರ್ ಬಾಟಲಿಗೆ ನೀರು ತುಂಬಿದರೆ ಎರಡು ಕಿಲೋ ಡಂಬೆಲ್ ಆಯಿತು. ಕೊಡ ಎತ್ತುವಾಗ ಸೊಂಟ ಬಾಗಿಸದೆ ಮೊಣಕಾಲು ಮಡಚಿ ಎತ್ತಿ, ಕೊಡವನ್ನು ಮೈಗೆ ಹತ್ತಿರ ಹಿಡಿಯಿರಿ.

ಮನೆಯ ಗಂಡಸರಿಗೆ ಒಂದು ಮಾತು ಕೇಳುತ್ತೇನೆ. ದಿನಕ್ಕೆ ಇಪ್ಪತ್ತು ನಿಮಿಷ ನೀರು ತುಂಬುವುದು, ಡಬ್ಬಿ ಕಟ್ಟುವುದು ನೀವು ನೋಡಿಕೊಳ್ಳಿ. ಆಕೆ ಹೊರಗೆ ಹೋಗಿ ಬರಲಿ. ನಮ್ಮ ಓಣಿಯಲ್ಲಿ ಮೂರು ಮನೆಯವರು ಹೀಗೆ ಮಾಡುತ್ತಿದ್ದಾರೆ.

ಮೊಣಕಾಲು ನೋವು ಇದ್ದರೆ ನಡೆಯಬಾರದಾ?

ಪೂರ್ತಿ ಕೂತರೆ ನೋವು ಹೆಚ್ಚುತ್ತದೆ. ತೊಡೆಯ ಮುಂಭಾಗದ ಸ್ನಾಯು ಸೊರಗಿದಷ್ಟೂ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಅಂಗಾತ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣು ಮೇಲೆತ್ತಿ ಐದು ಎಣಿಸಿ ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು. ಮಟ್ಟಸ ನೆಲದಲ್ಲಿ ನಡೆಯಿರಿ. ಪಬ್ಲಿಕ್ ಗಾರ್ಡನ್ ಅಥವಾ ಕೆರೆಯ ದಂಡೆ ಒಳ್ಳೆಯದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಕೀಲು ಊದಿ ಬಿಸಿಯಾಗಿದ್ದರೆ, ಕಾಲು ಊರಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಅಂಗಡಿಯಲ್ಲಿ ನೋವಿನ ಗುಳಿಗೆ ಕೇಳಿ ತಂದು ತಿಂಗಳುಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಅದು ಕಿಡ್ನಿಗೆ ಹೊಡೆತ.

ಮಗ ಜಿಮ್‌ಗೆ ಸೇರಿದ್ದಾನೆ. ಪ್ರೋಟೀನ್ ಪುಡಿ ಬೇಕು ಅನ್ನುತ್ತಾನೆ. ಕೊಡಿಸಲಾ?

ಮೊದಲು ತಾಟಿನಲ್ಲಿ ಎಷ್ಟಿದೆ ಅಂತ ಕೂತು ಲೆಕ್ಕ ಹಾಕಿಸಿ. ಸಾಮಾನ್ಯ ಮನುಷ್ಯನಿಗೆ ಒಂದು ಕಿಲೋ ಮೈತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕು. ಭಾರ ಎತ್ತುವ ಹುಡುಗನಿಗೆ 1.2ರಿಂದ 1.6. 60 ಕಿಲೋ ಹುಡುಗ ಅಂದರೆ 70ರಿಂದ 95 ಗ್ರಾಂ. 100 ಗ್ರಾಂ ಒಣ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. ಒಂದು ತತ್ತಿಯಲ್ಲಿ 6, ಒಂದು ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಮುಷ್ಟಿ ಶೇಂಗಾದಲ್ಲಿ 7ರ ಹತ್ತಿರ. ಮೂರು ರೊಟ್ಟಿಯಲ್ಲೇ 18. ಮನೆಯ ಊಟದಿಂದ ತುಂಬಿಸಲು ಆಗುತ್ತದೆ. ಪುಡಿ ವಿಷವಲ್ಲ, ಆದರೆ ಬಿಲ್ಲು, ಲೈಸೆನ್ಸ್ ನಂಬರ್ ಇಲ್ಲದ ಡಬ್ಬಿ ಬೇಡವೇ ಬೇಡ. 'ಬೇಗ ಮೈ ಬರುತ್ತೆ' ಅಂತ ಯಾರಾದರೂ ಇಂಜೆಕ್ಷನ್ ಕೊಡಲು ಬಂದರೆ ಆ ಜಿಮ್ ಅವತ್ತೇ ಬಿಡಿಸಿ. ಗರಡಿಮನೆಯ ಹಳೆಯ ಬೈಠಕ್, ದಂಡ ಇವತ್ತಿಗೂ ಅತ್ಯುತ್ತಮ.

ನನಗೆ ಬೊಜ್ಜು ಇದೆಯಾ ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

ಹೊಟ್ಟೆಯ ಸುತ್ತಳತೆ ನೋಡಿ. ಹೊಲಿಗೆಯ ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ. ಉಡದಾರ ಕಟ್ಟುವವರಿಗೆ ಟೇಪೂ ಬೇಡ. ನಮ್ಮ ತಂದೆಯ ಉಡದಾರದ ಗಂಟು ಎರಡು ವರ್ಷದಲ್ಲಿ ಮೂರು ಸಲ ಸಡಿಲಿಸಿದ್ದು ನನಗೆ ನೆನಪಿದೆ. ಆಗ ನಮಗೆ ಅದರ ಅರ್ಥ ತಿಳಿದಿರಲಿಲ್ಲ.

ಬಿಪಿ, ಶುಗರ್ ಎಷ್ಟಿದ್ದರೆ ಸರಿ? ಚೆನ್ನಾಗಿ ನಡೆದರೆ ಗುಳಿಗೆ ಬಿಡಬಹುದಾ?

ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ, ಬೇರೆ ಬೇರೆ ದಿನ ನೋಡಿದಾಗಲೂ ಬಂದರೆ, ಅದು ಏರಿದ ರಕ್ತದೊತ್ತಡ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 126 ಅಥವಾ ಮೇಲೆ, ಇಲ್ಲವೇ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲೆ ಇದ್ದರೆ ಸಕ್ಕರೆ ಕಾಯಿಲೆ. ಬಿಪಿ ನೋಡಿಸುವ ಮುಂಚೆ ಐದು ನಿಮಿಷ ಸುಮ್ನೆ ಕೂಡಿ, ಅರ್ಧ ಗಂಟೆ ಚಹಾ, ತಂಬಾಕು ಮುಟ್ಟಬೇಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನು ಗುಳಿಗೆಯ ಮಾತು. ನಮ್ಮ ತಂದೆ ಬಿಪಿ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಯಾರೋ ಬಂದು "ಬೆಳ್ಳುಳ್ಳಿ ತಿನ್ನು, ಗುಳಿಗಿ ಯಾಕ" ಅಂದರು. ತಲೆ ನೋವಿಲ್ಲ, ಏನೂ ಇಲ್ಲ ಅಂತ ತಂದೆ ಗುಳಿಗೆ ನಿಲ್ಲಿಸಿದರು. ನಮಗೂ ಹೇಳಲಿಲ್ಲ. ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಚಹಾದ ಬಸಿ ಕೈಯಿಂದ ಜಾರಿತು. ಬಾಯಿ ಒಂದು ಕಡೆ ಎಳೆದಿತ್ತು. ನನ್ನ ಹೆಸರು ಹೇಳಲು ಹೋಗಿ ಬೇರೆ ಏನೋ ಅಂದರು. ನಾವು ಎಣ್ಣೆ ತಿಕ್ಕುತ್ತಾ, ಯಾವ ಆಸ್ಪತ್ರೆ ಅಂತ ಮಾತಾಡುತ್ತಾ ಮೂರು ತಾಸು ಕಳೆದೆವು. ಆ ಮೂರು ತಾಸು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಾಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಸ್ಕ್ಯಾನ್ ಮಾಡುವ ಹೊತ್ತೂ ಅದರಲ್ಲೇ ಸೇರಿದೆ.

ಮುಖ ಸೊಟ್ಟ ಆಗಿದೆಯಾ, ಎರಡೂ ಕೈ ಎತ್ತಲು ಆಗುತ್ತಾ, ಮಾತು ತೊದಲುತ್ತಿದೆಯಾ ನೋಡಿ. ಒಂದು ಇದ್ದರೂ ಸಾಕು, ಆ ನಿಮಿಷವೇ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ನಡಿಗೆಯಿಂದ, ಉಪ್ಪು ಕಡಿಮೆ ಮಾಡುವುದರಿಂದ ಬಿಪಿ ಇಳಿಯುತ್ತದೆ, ನಿಜ. ಗುಳಿಗೆ ಕಡಿಮೆ ಮಾಡುವುದು ಡಾಕ್ಟರ ಕೆಲಸ.

ಶ್ರಾವಣದ ಉಪವಾಸ, ರಂಜಾನ್ ರೋಜಾ ಇದ್ದಾಗ ನಡಿಗೆ ಹೇಗೆ?

ಉಪವಾಸದ ದಿನ ನಿಧಾನ ನಡಿಗೆ ಸಾಕು. ಸಾಬೂದಾಣಿ ಖಿಚಡಿ, ಆಲೂಗಡ್ಡೆ ಚಿಪ್ಸು ತಿಂದರೆ ಅದು ಉಪವಾಸಕ್ಕಿಂತ ಜಾಸ್ತಿ ಊಟ. ಹಣ್ಣು, ಮಜ್ಜಿಗೆ, ಶೇಂಗಾ ಒಳ್ಳೆಯದು. ರೋಜಾ ಇರುವವರು ಭಾರದ ವ್ಯಾಯಾಮವನ್ನು ಇಫ್ತಾರ್ ಆದ ಒಂದೆರಡು ಗಂಟೆಗೆ ಇಟ್ಟುಕೊಳ್ಳಿ. ಸಹರಿಗೆ ರೊಟ್ಟಿ, ಬೇಳೆ, ತತ್ತಿ ತಿಂದರೆ ಹೊಟ್ಟೆ ಬಹಳ ಹೊತ್ತು ತಡೆಯುತ್ತದೆ. ಶುಗರ್ ಗುಳಿಗೆ, ಇನ್ಸುಲಿನ್ ಇರುವವರು ರಂಜಾನ್‌ಗೆ ಒಂದೆರಡು ತಿಂಗಳ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಕೈ ನಡುಗಿ, ಬೆವತು, ಶುಗರ್ 70ಕ್ಕಿಂತ ಇಳಿದರೆ ತಕ್ಷಣ ಸಿಹಿ ತೆಗೆದುಕೊಳ್ಳಲೇಬೇಕು.

ಬೋರ್‌ವೆಲ್ ನೀರು ಕಾಯಿಸಿ ಕುಡಿದರೆ ಸಾಕಾ?

ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಕಲಬುರಗಿ, ಯಾದಗಿರಿಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ, ಕೀಲಿಗೆ ಬಿಗಿತ. ಕುಡಿಯಲು ಶುದ್ಧ ನೀರಿನ ಘಟಕದ ನೀರು ತನ್ನಿ, ಮನೆಯ ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಗುಟ್ಕಾ, ತಂಬಾಕು ಬಿಡಲು ಆಗುತ್ತಿಲ್ಲ.

ಒಬ್ಬರೇ ಹೋರಾಡಬೇಡಿ. 1800112356 ತಂಬಾಕು ಬಿಡಲು ನೆರವಾಗುವ ಉಚಿತ ರಾಷ್ಟ್ರೀಯ ಸಹಾಯವಾಣಿ. ಚಟ ಎಳೆಯುವುದು ಕೆಲವೇ ನಿಮಿಷ. ಆ ಹೊತ್ತು ದಾಟಿಸಲು ಕಿಸೆಯಲ್ಲಿ ಬಡೇಸೋಪು, ಲವಂಗ ಇಟ್ಟುಕೊಳ್ಳಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಅಡಿಕೆಯೂ ಕ್ಯಾನ್ಸರ್ ತರುತ್ತದೆ. ತಂಬಾಕು ಬಿಟ್ಟು ಬರೀ ಅಡಿಕೆಗೆ ಬರುವುದು ಬಿಟ್ಟ ಹಾಗಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆಗೆಯಲು ಆಗದಿರುವುದು ಇದ್ದರೆ ತಡ ಮಾಡಬೇಡಿ.

ಬೇಸಿಗೆಯಲ್ಲಿ ನಿದ್ದೆಯೇ ಬರುವುದಿಲ್ಲ.

ಏಳು ತಾಸಾದರೂ ನಿದ್ದೆ ಬೇಕು. ಮಲಗುವ ಮುಂಚೆ ತಣ್ಣೀರು ಸ್ನಾನ ಮಾಡಿ. ಮಾಳಿಗೆ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿಕೊಳ್ಳಿ. ಕೂಲರ್ ಹಾಕುವಾಗ ಎದುರಿನ ಕಿಟಕಿ ತೆರೆದಿಡಿ, ಇಲ್ಲದಿದ್ದರೆ ಕೋಣೆಯೆಲ್ಲ ಜಿಗುಟು. ಕೂಲರಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ತಿಕ್ಕಿ ತೊಳೆಯಿರಿ, ಡೆಂಗ್ಯೂ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ಮೊಬೈಲನ್ನು ಹಾಸಿಗೆಯಿಂದ ಕೈಗೆ ಸಿಗದಷ್ಟು ದೂರ ಇಡಿ.

ನಾಲ್ಕು ದಿನ ಮಾಡುತ್ತೇನೆ, ಮದುವೆ, ಜಾತ್ರೆ ಬಂದರೆ ಬಿಟ್ಟುಹೋಗುತ್ತದೆ. ಮತ್ತೆ ಹೇಗೆ ಶುರು ಮಾಡುವುದು?

ಶರಣಬಸವೇಶ್ವರ ಜಾತ್ರೆ ಬಂದರೆ ನನ್ನದೂ ಬಿಟ್ಟುಹೋಗುತ್ತದೆ. ಮನೆ ತುಂಬ ನೆಂಟರು, ಹುಗ್ಗಿ, ಹೋಳಿಗೆ. ಅದನ್ನು ಲೆಕ್ಕ ಇಟ್ಟು ನೊಂದುಕೊಳ್ಳುವುದಿಲ್ಲ. ನೆಂಟರು ಹೋದ ರಾತ್ರಿ ಮತ್ತೆ ಹತ್ತು ನಿಮಿಷದಿಂದ ಶುರು. ಬಿಟ್ಟ ದಿನಗಳನ್ನು ತುಂಬಲು ಒಂದೇ ದಿನ ಎರಡು ತಾಸು ನಡೆಯಬೇಡಿ. ಕಾಲು ನೋವು ಬಂದು ಇನ್ನೊಂದು ವಾರ ಹೋಗುತ್ತದೆ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಬಹಳ ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರ್‌ನಲ್ಲಿ, ನಡೆದ ದಿನಕ್ಕೆ ಕುಂಕುಮದ ಒಂದು ಬೊಟ್ಟು ಇಡುತ್ತೇನೆ. ತಂದೆಗೆ ಈಗ ಬಲಗಾಲು ಸ್ವಲ್ಪ ಎಳೆಯುತ್ತದೆ. ಕೋಲು ಹಿಡಿದು ಅಂಗಳದಲ್ಲಿ ಆರು ಸುತ್ತು ಹಾಕಿ ಒಳಗೆ ಬಂದು, ಎಡಗೈ ಬೆರಳನ್ನು ಕುಂಕುಮದ ಬಟ್ಟಲಿಗೆ ಅದ್ದಿ ತಮ್ಮ ಬೊಟ್ಟು ತಾವೇ ಇಡುತ್ತಾರೆ. ಈ ತಿಂಗಳು ಅವರವು 19, ನನ್ನವು 16.